ವಹಾಕಾದ ಕೊಚಿನೀಲ್ ಕೆಂಪು

ದಕ್ಷಿಣ ಮೆಕ್ಸಿಕೋದ ವಹಾಕಾದಲ್ಲಿ ಉಣ್ಣೆಗೆ ಹಾಕುವ ಕೆಂಪು ಬಣ್ಣ ಬರುವುದು ಒಂದು ಕೀಟದಿಂದ. ನಮ್ಮ ಪಾಪಾಸುಕಳ್ಳಿಯ ಬಳಗದ ನೊಪಾಲ್ ಗಿಡದ ಮೇಲೆ ಬಿಳಿ ಹಿಟ್ಟು ಮೆತ್ತಿದಂತೆ ಅಂಟಿಕೊಂಡು ಬದುಕುವ ಈ ಕೊಚಿನೀಲ್ ಕೀಟದ ಹೆಣ್ಣನ್ನು ಉಗುರಿನಿಂದ ಅದುಮಿದರೆ ಕಡುಗೆಂಪು ರಸ ಒಸರುತ್ತದೆ. ಅದರಲ್ಲಿರುವ ಕಾರ್ಮಿನಿಕ್ ಆಮ್ಲವೇ ಬಣ್ಣದ ಮೂಲ. ಒಣಗಿದ ಒಂದು ಪೌಂಡ್ ಸರಕಿಗೆ ಸುಮಾರು 70,000 ಕೀಟಗಳನ್ನು ಕೈಯಿಂದಲೇ ಕೆರೆದು ತೆಗೆಯಬೇಕು.

ಸ್ಪೇನಿಗರು ಬರುವ ಮುಂಚೆಯೇ ಇಲ್ಲಿನ ಜನ ಈ ಬಣ್ಣವನ್ನು ಹತ್ತಿಗೆ, ಹಕ್ಕಿಯ ಗರಿಗೆ, ಮೊಲದ ಕೂದಲಿನ ನೂಲಿಗೆ ಹಾಕುತ್ತಿದ್ದರು. ಅಜ್ಟೆಕ್ ದೊರೆಗಳಿಗೆ ಕಪ್ಪವಾಗಿ ಚೀಲಗಟ್ಟಲೆ ಕೊಚಿನೀಲ್ ಸಲ್ಲುತ್ತಿತ್ತು. ಕುರಿ ಮತ್ತು ಕಾಲುಮಗ್ಗ ಬಂದದ್ದು 16ನೇ ಶತಮಾನದಲ್ಲಿ, ಸ್ಪೇನಿಗರ ಜೊತೆಗೆ. ಪ್ರಾಣಿಜನ್ಯ ಎಳೆಗೆ ಈ ಬಣ್ಣ ಹತ್ತಿಗಿಂತ ಚೆನ್ನಾಗಿ ಹಿಡಿಯುತ್ತದೆ. ಅಪ್ಪಟ ಮೆಕ್ಸಿಕನ್ ಎನಿಸಿಕೊಳ್ಳುವ ಕೆಂಪು ಉಣ್ಣೆಬಟ್ಟೆ ಹೀಗೆ ಅರ್ಧ ವಲಸೆ ಬಂದದ್ದು.

ವಸಾಹತು ಕಾಲದಲ್ಲಿ ಮೆಕ್ಸಿಕೋದ ರಫ್ತಿನಲ್ಲಿ ಬೆಳ್ಳಿಯ ನಂತರದ ಸ್ಥಾನ ಕೊಚಿನೀಲಿಗೇ ಇತ್ತು. ಬೆಳೆಯುತ್ತಿದ್ದವರು ಹೆಚ್ಚಾಗಿ ಮೂಲನಿವಾಸಿ ಸಣ್ಣ ರೈತರು. ಸ್ಪೇನಿನ ಅಧಿಕಾರಿಗಳು ಅವರಿಗೆ ಮುಂಗಡ ಹಣ ಕೊಟ್ಟು, ಮೊದಲೇ ನಿಗದಿಯಾದ ಅಗ್ಗದ ದರಕ್ಕೆ ಸರಕನ್ನು ವಸೂಲು ಮಾಡುತ್ತಿದ್ದರು. ಇದು ದಬ್ಬಾಳಿಕೆಯೋ, ಬಡ ರೈತರಿಗೆ ಬೇಕಿದ್ದ ಸಾಲವೋ ಎಂಬ ವಾದ ಇತಿಹಾಸಕಾರರಲ್ಲಿ ಇನ್ನೂ ಮುಗಿದಿಲ್ಲ. 1786ರಲ್ಲಿ ಸರ್ಕಾರ ಈ ಪದ್ಧತಿಯನ್ನು ನಿಷೇಧಿಸಿತು. ಏನೇ ಇರಲಿ, ಬಣ್ಣ ನೈಸರ್ಗಿಕವಾಗಿದ್ದ ಮಾತ್ರಕ್ಕೆ ವ್ಯಾಪಾರ ನ್ಯಾಯವಾಗಿತ್ತು ಎನ್ನಲಾಗದು. ಇತ್ತ ಯುರೋಪಿನಲ್ಲಿ ತವರದ ಲವಣ ಬೆರೆಸಿ ಇನ್ನೂ ಉಜ್ವಲವಾದ ಕೆಂಪು ತೆಗೆಯಲು ಕಲಿತಿದ್ದರು. ಬ್ರಿಟಿಷ್ ಸೇನಾಧಿಕಾರಿಗಳ ಕೋಟಿಗೆ ಕೊಚಿನೀಲ್. ಸಾಮಾನ್ಯ ಸಿಪಾಯಿಗೆ ಅಗ್ಗದ ಬೇರಿನ ಬಣ್ಣ.

ಸ್ಪೇನಿನ ಏಕಸ್ವಾಮ್ಯ ಮುರಿಯಲು ಎಲ್ಲರೂ ಹವಣಿಸಿದರು. 1777ರಲ್ಲಿ ಫ್ರಾನ್ಸಿನ ತಿಯೆರಿ ದ ಮೆನೊನ್ವಿಲ್ ವಹಾಕಾದಿಂದ ಕೀಟಗಳನ್ನು ಕದ್ದೊಯ್ದ. ಈಸ್ಟ್ ಇಂಡಿಯಾ ಕಂಪನಿಗಾಗಿ ಮದ್ರಾಸಿನಲ್ಲಿ ಜೇಮ್ಸ್ ಆಂಡರ್ಸನ್ ಕಳ್ಳಿತೋಟವನ್ನೇ ಮಾಡಿದ. ಆದರೆ 1795ರಲ್ಲಿ ಬ್ರೆಜಿಲ್‌ನಿಂದ ಭಾರತಕ್ಕೆ ಬಂದದ್ದು ಕಾಡುಜಾತಿಯ ಕೀಟ. ಅದು ಬಣ್ಣ ಕೊಟ್ಟದ್ದಕ್ಕಿಂತ ಕಳ್ಳಿಯನ್ನು ತಿಂದದ್ದೇ ಹೆಚ್ಚು. ಆ ಗುಣವೇ ಮುಂದೆ ಉಪಯೋಗಕ್ಕೆ ಬಂತು: 1926ರಲ್ಲಿ ಇನ್ನೊಂದು ಜಾತಿಯ ಕೊಚಿನೀಲನ್ನು ದಕ್ಷಿಣ ಭಾರತಕ್ಕೆ ತಂದದ್ದು ಹಬ್ಬಿದ್ದ ಪಾಪಾಸುಕಳ್ಳಿಯನ್ನು ನಾಶಮಾಡುವುದಕ್ಕೆ.

1856ರಲ್ಲಿ ವಿಲಿಯಂ ಪರ್ಕಿನ್ ಅನಿಲೀನ್ ಎಂಬ ರಾಸಾಯನಿಕದಿಂದ ಮೊದಲ ಕೃತಕ ಬಣ್ಣ ತಯಾರಿಸಿದ. ಕೆಲವೇ ದಶಕಗಳಲ್ಲಿ ಕೊಚಿನೀಲಿನ ಮಾರುಕಟ್ಟೆ ಕುಸಿಯಿತು; ವಹಾಕಾದ ಮಗ್ಗಗಳಿಗೂ ರಾಸಾಯನಿಕ ಬಣ್ಣ ಬಂತು.

20ನೇ ಶತಮಾನದ ಕೊನೆಯ ಹೊತ್ತಿಗೆ ತೆಓತಿತ್ಲಾನ್ ದೆಲ್ ವಾಯೆ ಊರಿನ ಕೆಲವು ನೇಕಾರ ಕುಟುಂಬಗಳು ಹಳೆಯ ಬಣ್ಣಕ್ಕೆ ಮರಳಿದವು. ಉಣ್ಣೆಯ ಲಡಿಗಳನ್ನು ಪಟಿಕದ ನೀರಿನಲ್ಲಿ ಕಾಯಿಸಿ, ಒರಳುಕಲ್ಲಿನ ಮೇಲೆ ಪುಡಿಮಾಡಿದ ಕೀಟದ ಕಷಾಯದಲ್ಲಿ ಅದ್ದುತ್ತಾರೆ. ನಿಂಬೆರಸ ಹಿಂಡಿದರೆ ಬಣ್ಣ ಕಿತ್ತಳೆಯತ್ತ ವಾಲುತ್ತದೆ, ಅಡುಗೆ ಸೋಡಾ ಬಿದ್ದರೆ ನೇರಳೆಗೆ ತಿರುಗುತ್ತದೆ. ಪರಿಸರಸ್ನೇಹಿ ಉಡುಪು ತಯಾರಿಸುವ ವಿನ್ಯಾಸಕರು ಈ ನೂಲನ್ನು ಮೆಚ್ಚುತ್ತಾರೆ, ಆದರೆ ಅದು ದುಬಾರಿ. ಜಗತ್ತಿನ ಕೊಚಿನೀಲಿನ ಬಹುಪಾಲು ಈಗ ಪೆರುವಿನದು, ಅದರಲ್ಲಿ ಹೆಚ್ಚಿನದು ಹೋಗುವುದು ತಿಂಡಿತಿನಿಸಿಗೆ (ಇ120 ಎಂಬ ಹೆಸರಿನಲ್ಲಿ) ಮತ್ತು ಲಿಪ್‌ಸ್ಟಿಕ್ಕಿಗೆ.