ಕನ್ನಡ ಮಹಾಪ್ರಬಂಧಗಳ ಪ್ರಸಾರ: ಪ್ರಸಾರಾಂಗದಿಂದ ಶೋಧಗಂಗಾದವರೆಗೆ

ಕನ್ನಡದ ಪಿಎಚ್.ಡಿ. ಪ್ರಬಂಧಗಳ ಬಗ್ಗೆ ಮಾತು ಬಂದರೆ ಗುಣಮಟ್ಟ ಕುಸಿದಿದೆ ಎಂಬ ದೂರು ಬೇಗ ಕೇಳಿಬರುತ್ತದೆ. ಆ ಪ್ರಬಂಧಗಳು ಇನ್ನೊಬ್ಬ ಸಂಶೋಧನಾರ್ಥಿಯ ಕೈಗೆ ಹೇಗೆ ಸಿಗುತ್ತವೆ ಎಂದು ಕೇಳುವವರು ಕಡಿಮೆ. ನನಗೆ ಇದು ಮೊದಲು ಕೇಳಬೇಕಾದ ಪ್ರಶ್ನೆ. ಹಿಂದಿನವರು ಏನು ಬರೆದಿದ್ದಾರೆಂದು ಗೊತ್ತಾಗದ ಕಡೆ ಅದೇ ವಿಷಯ, ಅದೇ ಅಧ್ಯಾಯಗಳು ಮತ್ತೆ ಮತ್ತೆ ಹುಟ್ಟುತ್ತವೆ.

ಮೊದಲ ತಲೆಮಾರುಗಳಿಗೆ ದಾರಿ ಅಚ್ಚಿನದು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವನ್ನು 1966ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೇ ತನ್ನ ಪ್ರಕಟಣ ವಿಭಾಗವಾದ ಪ್ರಸಾರಾಂಗದಿಂದ ಪ್ರಕಟಿಸಿತು. ಪದವಿಗಾಗಿ ಬರೆದ ಆ ಪ್ರಬಂಧ ಶಾಸನಗಳನ್ನು ಜನಜೀವನದ ಆಕರವಾಗಿ ಓದುವ ಕ್ರಮವನ್ನು ಇಡೀ ಒಂದು ಪೀಳಿಗೆಗೆ ಕಲಿಸಿತು. ಬಿಡಿ ಲೇಖನಗಳಿಗೆ 1916ರ ಪರಿಷತ್ಪತ್ರಿಕೆ, 1919ರ ‘ಪ್ರಬುದ್ಧ ಕರ್ನಾಟಕ’ ಇದ್ದವು. ಧಾರವಾಡದಿಂದ ‘ಕರ್ನಾಟಕ ಭಾರತಿ’ ಬರುತ್ತಿತ್ತು. ಆದರೆ ಅಚ್ಚಾಗುವ ಭಾಗ್ಯ ಎಲ್ಲ ಪ್ರಬಂಧಗಳಿಗೂ ಇರಲಿಲ್ಲ. ಉಳಿದವು ರಟ್ಟು ಕಟ್ಟಿಸಿಕೊಂಡು ವಿಶ್ವವಿದ್ಯಾಲಯದ ಗ್ರಂಥಾಲಯ ಸೇರಿದವು. ಅವನ್ನು ಓದಬೇಕಾದವರು ಪತ್ರ ಹಿಡಿದು ಅಲ್ಲಿಗೇ ಹೋಗಿ, ಕೂತು ಟಿಪ್ಪಣಿ ಮಾಡಿಕೊಳ್ಳಬೇಕಿತ್ತು.

ಈ ಸ್ಥಿತಿಯನ್ನು ಬದಲಿಸುವ ಪ್ರಯತ್ನ ಮೈಸೂರಿನಲ್ಲೇ ನಡೆಯಿತೆಂಬುದನ್ನು ನಾವು ಮರೆತಿದ್ದೇವೆ. ಮೈಸೂರು ವಿಶ್ವವಿದ್ಯಾನಿಲಯದ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ವಿಭಾಗದಲ್ಲಿ ಶಾಲಿನಿ ಅರಸ್ ಅವರ ನೇತೃತ್ವದಲ್ಲಿ 2000ದ ಸುಮಾರಿಗೆ ‘ವಿದ್ಯಾನಿಧಿ’ ಆರಂಭವಾಯಿತು. ಭಾರತದ ಪ್ರಬಂಧಗಳಿಗೆ ಒಂದು ಡಿಜಿಟಲ್ ಭಂಡಾರ ಕಟ್ಟುವುದು ಅದರ ಗುರಿ. ಕನ್ನಡ, ಹಿಂದಿ ಪ್ರಬಂಧಗಳ ವಿವರಗಳನ್ನು ಆಯಾ ಲಿಪಿಯಲ್ಲೇ ಯೂನಿಕೋಡ್‌ನಲ್ಲಿ ದಾಖಲಿಸುವ ಕೆಲಸವನ್ನು ಆ ತಂಡ 2002ರ ಹೊತ್ತಿಗೇ ಮಾಡಿ ತೋರಿಸಿತ್ತು. ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವುದೇ ದೊಡ್ಡ ಸಾಹಸವಾಗಿದ್ದ ದಿನಗಳವು. ಈ ಹೆಜ್ಜೆಗೆ ನಮ್ಮ ಸಾಹಿತ್ಯ ಸಂಶೋಧನೆಯ ಚರಿತ್ರೆಯಲ್ಲಿ ಒಂದು ಪುಟವಾದರೂ ಸಲ್ಲಬೇಕು.

2009ರಲ್ಲಿ ಯುಜಿಸಿ ನಿಯಮ ಬಂತು. ಪದವಿ ಘೋಷಣೆಯಾದ ಮೂವತ್ತು ದಿನದೊಳಗೆ ಪ್ರಬಂಧದ ಸಾಫ್ಟ್ ಕಾಪಿ ಕಳುಹಿಸಬೇಕೆಂದು ಅದು ವಿಧಿಸಿತು. ಗುಜರಾತಿನ ಇನ್‌ಫ್ಲಿಬ್‌ನೆಟ್ ಕೇಂದ್ರದ ‘ಶೋಧಗಂಗಾ’ ಎಂಬ ಡಿಜಿಟಲ್ ಭಂಡಾರಕ್ಕೆ ಪ್ರಬಂಧಗಳು ಹರಿದುಬರತೊಡಗಿದ್ದು ಹೀಗೆ. ಇದರ ಉಪಕಾರ ಸಣ್ಣದಲ್ಲ. ಬೀದರಿನ ವಿದ್ಯಾರ್ಥಿ ಮಂಗಳೂರಿನ ಪ್ರಬಂಧವನ್ನು ಕೂತಲ್ಲೇ ಅಧ್ಯಾಯ ಅಧ್ಯಾಯವಾಗಿ ಇಳಿಸಿಕೊಳ್ಳಬಹುದು.

ತೊಡಕು ಕಡತದ ಒಳಗಿದೆ. ಕನ್ನಡ ವಿಭಾಗಗಳ ಪ್ರಬಂಧಗಳು ಬಹುಕಾಲ ಡಿಟಿಪಿ ಅಂಗಡಿಗಳಲ್ಲಿ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಿದ್ಧವಾದವು. ಪರದೆಯ ಮೇಲೆ ‘ಕ’ ಕಾಣುತ್ತದೆ. ಒಳಗಿರುವುದು ಇಂಗ್ಲಿಷಿನ ‘ಪಿ’, ಅದರ ಪಕ್ಕ ತಲೆಯ ಮೇಲೆ ಗೆರೆ ಹೊತ್ತ ಒಂದು ‘ಎ’. ಅಂಥ ಪಿಡಿಎಫ್‌ನಲ್ಲಿ ‘ವಚನ’ ಎಂದು ಕನ್ನಡದಲ್ಲಿ ಹುಡುಕಿದರೆ ನೂರು ಕಡೆ ವಚನವಿದ್ದರೂ ಒಂದೂ ಸಿಗದು. ಒಂದು ಪ್ಯಾರಾ ನಕಲಿಸಿ ಬೇರೆಡೆ ಅಂಟಿಸಿದರೆ ರೋಮನ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಮುದ್ರಿತ ಪ್ರತಿಯನ್ನು ಸ್ಕ್ಯಾನ್ ಮಾಡಿ ಏರಿಸಿದ ಪ್ರಬಂಧಗಳಲ್ಲಂತೂ ಪುಟಗಳು ಬರೀ ಚಿತ್ರಗಳು. ಮೈಸೂರಿನ ತಂಡ ಯೂನಿಕೋಡ್‌ ಬಳಸಿ ತೋರಿಸಿದ ಮೇಲೂ ಪ್ರಬಂಧಗಳ ಒಡಲು ಹಳೆಯ ಸಂಕೇತಗಳಲ್ಲೇ ಉಳಿದದ್ದು ತಂತ್ರಜ್ಞಾನದ ಕೊರತೆಯಿಂದಲ್ಲ. ಸಲ್ಲಿಕೆಯ ನಿಯಮ ಕಡತ ಬೇಕೆಂದಿತು. ಅದರೊಳಗಿನ ಅಕ್ಷರ ಹೇಗಿರಬೇಕೆಂದು ನಾವು ಕನ್ನಡದವರು ಒತ್ತಾಯಿಸಲಿಲ್ಲ.

ಇದರ ಪರಿಣಾಮ ಹುಡುಕಾಟಕ್ಕಷ್ಟೇ ನಿಲ್ಲುವುದಿಲ್ಲ. ಕೃತಿಚೌರ್ಯ ತಡೆಯುವ 2018ರ ಯುಜಿಸಿ ನಿಯಮಗಳು ಶೇ. 10ರವರೆಗಿನ ಹೋಲಿಕೆಯನ್ನು ದಂಡವಿಲ್ಲದೆ ಬಿಡುತ್ತವೆ. ಆ ಲೆಕ್ಕ ಹಾಕುವ ತಂತ್ರಾಂಶಕ್ಕೆ ಹಳೆಯ ಫಾಂಟಿನ ಪಠ್ಯ ಕನ್ನಡವಾಗಿ ಕಾಣುವುದೇ ಇಲ್ಲ. ಯೂನಿಕೋಡ್‌ನಲ್ಲಿ ಬರೆದ ಇಂದಿನ ಪ್ರಬಂಧವನ್ನು ಹಳೆಯ ಫಾಂಟಿನ ನಿನ್ನೆಯ ಪ್ರಬಂಧದ ಜೊತೆ ಅದು ಹೋಲಿಸಲಾರದು. ಪ್ರಾಮಾಣಿಕವಾಗಿ ದುಡಿದವರಿಗೂ ಕದ್ದವರಿಗೂ ಒಂದೇ ಪ್ರಮಾಣಪತ್ರ ಸಿಗಬಹುದಾದ ಸ್ಥಿತಿಯಿದು.

ಹಳೆಯ ಫಾಂಟಿನಿಂದ ಯೂನಿಕೋಡ್‌ಗೆ ಪರಿವರ್ತಕಗಳಿವೆ. ಆದರೆ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಕೆಡುತ್ತವೆ; ಹಳಗನ್ನಡ ಪದ್ಯಗಳಿರುವ ಪ್ರಬಂಧವಾದರೆ ಬಲ್ಲವರೊಬ್ಬರು ಸಾಲುಸಾಲಾಗಿ ತಿದ್ದಲೇಬೇಕು. ಈ ಕೆಲಸಕ್ಕೆ ವಿಭಾಗಗಳು ತಮ್ಮ ಸಂಶೋಧನಾರ್ಥಿಗಳನ್ನು ಸಂಭಾವನೆ ಕೊಟ್ಟು ತೊಡಗಿಸಬಹುದು. ವಚನ, ಶಾಸನ, ಜಾನಪದದಂತಹ ಹೆಚ್ಚು ಬಳಕೆಯ ವಿಷಯಗಳಿಂದ ಆರಂಭಿಸಿದರೆ, ಮುಂದಿನ ಪ್ರಬಂಧದ ‘ಪೂರ್ವಾಧ್ಯಯನಗಳು’ ಅಧ್ಯಾಯವನ್ನು ನಿಜವಾಗಿ ಓದಿ ಬರೆಯಲು ದಾರಿಯಾಗುತ್ತದೆ.