ಹಿಗ್ಗಿನ್‌ಬಾಥಮ್
ಇಂಗ್ಲೆಂಡಿನ ವಾಯವ್ಯ ಭಾಗದ, ಸ್ಥಳನಾಮದಿಂದ ಬಂದ ಒಂದು ವಿರಳ ಕುಲನಾಮ. ಮೂಲ ನೆಲೆ ಲ್ಯಾಂಕಷೈರಿನ ಬೋಲ್ಟನ್ ಬಳಿಯ ಓಕನ್‌ಬಾಟಮ್ ಎಂದು ನಾಮವಿಜ್ಞಾನಿಗಳ ಅಭಿಪ್ರಾಯ. ಪೂರ್ವಪದವನ್ನು ಸಾಮಾನ್ಯವಾಗಿ ಓಕ್ ಮರಕ್ಕೆ ಸಂಬಂಧಿಸಿದ ಹಳೆಯ ಇಂಗ್ಲಿಷ್ ಪದದ ಆಡುನುಡಿ ರೂಪವೆನ್ನುತ್ತಾರೆ. ಉತ್ತರಪದಕ್ಕೆ ಕಣಿವೆಯ ತಳ, ತಗ್ಗುನೆಲ ಎಂದರ್ಥ. ಒಟ್ಟರ್ಥ 'ಓಕ್ ಮರಗಳ ತಗ್ಗಿನವರು'. ರಾಮ್ಸ್‌ಬಾಟಮ್, ಲಾಂಗ್‌ಬಾಟಮ್ ಹೆಸರುಗಳಲ್ಲೂ ಇದೇ ಉತ್ತರಪದವಿದೆ. ದಾಖಲೆ ಬರೆಯುವವರು ಕಿವಿಗೆ ಬಿದ್ದಂತೆ ಬರೆದುಕೊಂಡದ್ದರಿಂದ ಹಿಗ್ಗಿನ್‌ಬಾಟಮ್, ಹೆಗಿನ್‌ಬಾಥಮ್ ಮೊದಲಾದ ರೂಪಾಂತರಗಳು ಹುಟ್ಟಿದವು.

ಲ್ಯಾಂಕಷೈರ್, ಚೆಷೈರ್ ಪ್ರದೇಶಗಳಲ್ಲಿ ಹೆಚ್ಚು ಬಳಕೆ. ವಲಸೆಯೊಂದಿಗೆ ಅಮೆರಿಕಕ್ಕೂ ಹರಡಿತು. ಅಲ್ಲಿನ ಗಣ್ಯ ನ್ಯಾಯಾಧೀಶ, ನಾಗರಿಕ ಹಕ್ಕುಗಳ ಪ್ರತಿಪಾದಕ ಎ. ಲಿಯಾನ್ ಹಿಗ್ಗಿನ್‌ಬಾಥಮ್ (1928–1998) ಈ ಹೆಸರಿನವರು.

ಭಾರತದಲ್ಲಿ ಈ ಕುಲನಾಮ ಬೇರೂರಿದ್ದು ಪುಸ್ತಕಗಳಿಂದ. ಏಬಲ್ ಜೋಶುವಾ ಹಿಗ್ಗಿನ್‌ಬಾಥಮ್ 1844ರಲ್ಲಿ ಮದ್ರಾಸಿನಲ್ಲಿ ಪುಸ್ತಕದಂಗಡಿ ತೆರೆದರು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಶಾಖೆ 1905ರದು. ಲ್ಯಾಂಕಷೈರಿನ ಒಂದು ತಗ್ಗಿನ ಹೆಸರು ಕನ್ನಡಿಗ ಓದುಗರಿಗೆ ಪರಿಚಿತವಾದದ್ದು ಈ ಅಂಗಡಿಯ ನಾಮಫಲಕದಿಂದಲೇ.