ಸಕ್ಕರೆ ಏರಿಸುವ ಹಾರ್ಮೋನು: ಇನ್ಸುಲಿನ್‌ನ ಮರೆತ ಜೊತೆಗಾರ

ಇವತ್ತಿನ ಕಥೆ ಮಲ್ಲೇಶ್ವರಂನ ನಮ್ಮ ಮನೆಯಿಂದಲೇ ಶುರು ಮಾಡ್ತೀನಿ. ಅವತ್ತು ಏಕಾದಶಿ. ಅಜ್ಜ ಇನ್ಸುಲಿನ್ ತಗೊಂಡಿದ್ರು, ಊಟ ಮಾತ್ರ ಬಿಟ್ಟಿದ್ರು. ಸಂಜೆ ಹೊತ್ತಿಗೆ ಮೈಯೆಲ್ಲ ಬೆವರು, ಕರೆದರೆ ಮಾತಿಲ್ಲ. ಅಜ್ಜಿ ಸಕ್ಕರೆ ನೀರು ಬಾಯಿಗೆ ಹಾಕೋಕೆ ಹೋದ್ರು. ಪಕ್ಕದ ಮನೆ ಡಾಕ್ಟರು ತಡೆದ್ರು: "ಎಚ್ಚರ ಇಲ್ಲದವರಿಗೆ ಹಾಕಬೇಡಿ ಅಮ್ಮಾ, ಶ್ವಾಸಕೋಶಕ್ಕೆ ಹೋಗುತ್ತೆ." ಆಸ್ಪತ್ರೆಯಲ್ಲಿ ನರಕ್ಕೆ ಗ್ಲೂಕೋಸ್ ಕೊಟ್ಟ ಮೇಲೆ ಅಜ್ಜ ಕಣ್ಣು ಬಿಟ್ರು. ಇಂಥ ಹೊತ್ತಲ್ಲಿ ಮನೆಯವರೇ ಕೊಡಬಹುದಾದ ಇಂಜೆಕ್ಷನ್ ಒಂದಿದೆ ಅಂತ ನನಗೆ ಗೊತ್ತಾದದ್ದು ಆಮೇಲೆ. ಅದೇ ಗ್ಲುಕಗಾನ್.

1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಸಿಕ್ಕಿತು. ಎರಡೇ ವರ್ಷಕ್ಕೆ, 1923ರಲ್ಲಿ, ಅಮೆರಿಕದ ಕಿಂಬಾಲ್ ಮತ್ತು ಮರ್ಲಿನ್ ಅದೇ ಮೇದೋಜೀರಕ ಗ್ರಂಥಿಯ ರಸದಲ್ಲಿ ಸಕ್ಕರೆ ಏರಿಸುವ ಅಂಶವನ್ನು ಕಂಡು ಈ ಹೆಸರಿಟ್ಟರು. ಆದರೂ ಬಹುಕಾಲ ಇದನ್ನು ಇನ್ಸುಲಿನ್‌ನಲ್ಲಿ ಉಳಿದ ಕಲ್ಮಶ ಅಂತಲೇ ನೋಡಿದರು. 1950ರ ದಶಕದಲ್ಲಿ ಎಲಿ ಲಿಲ್ಲಿ ಕಂಪನಿಯ ವಿಜ್ಞಾನಿಗಳು ಶುದ್ಧ ಹರಳು ತೆಗೆದು, ಇದು 29 ಅಮೈನೊ ಆಮ್ಲಗಳ ಸರಪಳಿ ಎಂದು ತೋರಿಸಿದರು.

ಕೆಲಸ ಹೇಗೆ? ಯಕೃತ್ತು ಗ್ಲೂಕೋಸನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟಿರುತ್ತೆ, ಮನೆಯ ಕಣಜದ ಹಾಗೆ. ರಕ್ತದಲ್ಲಿ ಸಕ್ಕರೆ ಇಳಿದಾಗ ಆಲ್ಫಾ ಕೋಶಗಳು ಗ್ಲುಕಗಾನ್ ಬಿಟ್ಟು ಆ ಕಣಜ ತೆಗೆಸ್ತವೆ. ಈ ಸಂದೇಶ ಜೀವಕೋಶದೊಳಗೆ ದಾಟುವ ಬಗೆಯನ್ನು ಹುಡುಕಿದ ಅರ್ಲ್ ಸದರ್ಲ್ಯಾಂಡ್‌ಗೆ 1971ರಲ್ಲಿ ನೊಬೆಲ್ ಬಂತು.

ನಮ್ಮ ಬಡಾವಣೆಯ ಮಗ್ಗುಲಿಗೂ ಈ ಕಥೆಯ ಒಂದು ಎಳೆ ತಾಕುತ್ತೆ. 1969ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಡೊರೊಥಿ ಹಾಡ್ಜ್‌ಕಿನ್ ತಂಡ ಇನ್ಸುಲಿನ್ ಅಣುವಿನ ಆಕಾರ ಬಿಡಿಸಿದಾಗ ಅದರಲ್ಲಿ ಎಂ. ವಿಜಯನ್ ಇದ್ದರು, ಮುಂದೆ ಅವರು ದುಡಿದದ್ದು ಇಲ್ಲೇ, ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ. ಅದೇ ತಂಡದ ಟಾಮ್ ಬ್ಲಂಡೆಲ್ 1975ರಲ್ಲಿ ಗ್ಲುಕಗಾನ್ ಆಕಾರವನ್ನೂ ಸಂಗಡಿಗರ ಜೊತೆ ಪ್ರಕಟಿಸಿದರು.

ಪ್ರಜ್ಞೆ ತಪ್ಪಿದ ವಯಸ್ಕರಿಗೆ ಸಾಮಾನ್ಯವಾಗಿ 1 ಮಿಲಿಗ್ರಾಂ ಕೊಡ್ತಾರೆ. 2019ರಿಂದ ಅಮೆರಿಕದಲ್ಲಿ ಮೂಗಿಗೆ ಹಾಕುವ ಪುಡಿಯೂ ಇದೆ. ಸ್ಕ್ಯಾನ್ ವೇಳೆ ಕರುಳಿನ ಚಲನೆ ತಡೆಯೋಕೂ ಬಳಸ್ತಾರೆ. ಆದರೆ ಒಂದು ಮಿತಿ ಇದೆ: ದೀರ್ಘ ಉಪವಾಸದಲ್ಲಿ ಕಣಜವೇ ಬರಿದಾದರೆ ಗ್ಲುಕಗಾನ್ ತೆಗೆಯೋದೇನನ್ನ? ಆಗ ಗ್ಲೂಕೋಸೇ ಬೇಕು.

ಅಜ್ಜ ಈಗ ಏಕಾದಶಿಗೂ ಡಾಕ್ಟರನ್ನ ಕೇಳಿ ತಿಂತಾರೆ. "ದೇವರು ಬೇಜಾರು ಮಾಡ್ಕೊಳ್ಳಲ್ಲ ಬಿಡ್ರೀ" ಅಂತಾರೆ ಅಜ್ಜಿ. ನಿಮ್ಮನೇಲೂ ಇನ್ಸುಲಿನ್ ತಗೊಳ್ಳೋರಿದ್ರೆ, ಉಪವಾಸಕ್ಕೆ ಮುಂಚೆ ಆ ಮಾತು ಆಗಲಿ.